ಮಾವನ ಗಾಡಿಯ ಬಾನೆಟ್ಟು

ಬಾನೆಟ್ಟು ಕೈಬಿಟ್ಟು ಹೋದಾಗ ಶಿದ್ಲಿಂಗಪ್ಪನ ಬಾಯಿ ತುಂಬ ರೊಟ್ಟಿ ಇತ್ತು. ಮುಂದೆ ಆದ ಫಜೀತಿಗೆಲ್ಲ ಮೂಲ ಇಷ್ಟೇ.

ಹೋದ ವಾರ ಮಧ್ಯಾಹ್ನ ಊಟಕ್ಕೆ ಕುಳಿತಿದ್ದಾಗ ಬಾಜೂ ಮನೆಯ ಭೀಮೇಶ ಕಿಟಕಿಯಲ್ಲಿ ಮುಖ ಇಟ್ಟು, "ಕಾಕಾ, ನಿಮ್ಮ ಗಾಡೀದು ಬಾನಟ್ ಬಿಚ್ಕೊಂಡು ಹೋಗ್ಲೇನ್ರಿ? ಶರ್ಯತ್ತಿಗಿ ಬೇಕಾಗೇತಿ" ಎಂದು ಕೇಳಿದ. ಭೀಮೇಶನದು ವೆಲ್ಡಿಂಗ್ ಅಂಗಡಿ. ಓಣಿಯ ಯುವಕ ಮಂಡಳಕ್ಕೆ ಅವನೇ ಅಧ್ಯಕ್ಷ, ಅವನೇ ಕಾರ್ಯದರ್ಶಿ. ಶಿದ್ಲಿಂಗಪ್ಪನಿಗೆ ಬೇಡ ಅನ್ನುವ ಮನಸ್ಸಿತ್ತು. ಆದರೆ ಬಾಯಲ್ಲಿ ರೊಟ್ಟಿ, ರೊಟ್ಟಿಯ ಮೇಲೆ ಕೆಂಪು ಖಾರ. ತಡಿ, ನುಂಗಿ ಹೇಳುತ್ತೇನೆ ಎಂಬಂತೆ ತಲೆ ಆಡಿಸಿದ. ಅದನ್ನು ಭೀಮೇಶ ಒಪ್ಪಿಗೆ ಎಂದು ತಿಳಿದ. ಶಿದ್ಲಿಂಗಪ್ಪ ನೀರು ಕುಡಿದು, ಬಿಕ್ಕಳಿಕೆ ನಿಲ್ಲಿಸಿಕೊಂಡು ಬಾಗಿಲಿಗೆ ಬರುವಷ್ಟರಲ್ಲಿ ಬಾನೆಟ್ಟು ಭೀಮೇಶನ ತಲೆಯ ಮೇಲೆ ಕುಳಿತು ಓಣಿಯ ತಿರುವು ದಾಟುತ್ತಿತ್ತು. ಹೋಗಲಿ ಬಿಡು, ಒಂದು ತಗಡು ತಾನೇ, ಎಂದುಕೊಂಡು ಅವನು ಮತ್ತೆ ತಟ್ಟೆಯ ಮುಂದೆ ಕುಳಿತ.

ತಗಡು ಹೌದು. ಆದರೆ ಅದು ಮಾವನ ತಗಡು.

ಗೋಕಾಕದ ಪೇಟೆಯಲ್ಲಿ ಶಿದ್ಲಿಂಗಪ್ಪನದು ಪಾತ್ರೆ ಮಾರುವ ಭಾಂಡೆ ಅಂಗಡಿ. ಮಾವ ಸೋಮಪ್ಪನವರು ಮಸಗುಪ್ಪಿಯ ದೊಡ್ಡ ಒಕ್ಕಲುತನದವರು. ಅವರು ಹೊಸ ಕಾರು ತಂದ ವರ್ಷ ಹಳೆಯ ಅಂಬಾಸಡರನ್ನು ಟ್ರ್ಯಾಕ್ಟರಿಗೆ ಹಗ್ಗ ಕಟ್ಟಿಸಿ ಎಳೆಸಿಕೊಂಡು ಬಂದು, ಅಳಿಯನ ಮನೆಯ ಮುಂದೆ ನಿಲ್ಲಿಸಿ, ಕೀಲಿಕೈ ಅಳಿಯನ ಕೈಯಲ್ಲಿಟ್ಟು, ಕಣ್ಣೊರೆಸಿಕೊಂಡಿದ್ದರು. "ಮಗಳ ಹಿಂದ ಇದೂ ನಿಮ್ಮ ಮನಿ ಸೇರ್ತು ನೋಡ್ರಿ ಅಳಿಯಂದ್ರ. ಛಲೋತ್ನ್ಯಾಗ ನೋಡ್ಕೊಳ್ರಿ" ಎಂದಿದ್ದರು. ಮಗಳ ಬಗ್ಗೆ ಹೇಳಿದರೋ ಗಾಡಿಯ ಬಗ್ಗೆ ಹೇಳಿದರೋ, ಅವನಿಗೆ ಇವತ್ತಿಗೂ ಗೊತ್ತಾಗಿಲ್ಲ. ಗಾಡಿ ಮಾತ್ರ ಅವತ್ತು ನಿಂತ ಜಾಗ ಬಿಟ್ಟು ಕದಲಲಿಲ್ಲ. ಸರಿಯಾಗಿ ತಲಬಾಗಿಲಿಗೆ ಅಡ್ಡ ನಿಂತಿತ್ತು. ಮನೆಯವರೆಲ್ಲ ಗಾಡಿಗೂ ಗೋಡೆಗೂ ನಡುವೆ ಓರೆಯಾಗಿ ನುಸುಳಿ ಒಳಗೆ ಹೋಗಬೇಕು. ಹಿತ್ತಲ ಬಾಗಿಲಿಗೆ ಹೋಗಬೇಕೆಂದರೆ ಓಣಿಯನ್ನೆಲ್ಲ ಸುತ್ತಿ ಬರಬೇಕು. ಮೊದಮೊದಲು ಶಿದ್ಲಿಂಗಪ್ಪ ಸಲೀಸಾಗಿ ನುಸುಳುತ್ತಿದ್ದ. ಆಮೇಲೆ ಹೊಟ್ಟೆ ಬಂತು. ಈಗ ಉಸಿರು ಒಳಗೆಳೆದುಕೊಂಡು, ಸಂತೆಯ ಚೀಲವನ್ನು ತಲೆಯ ಮೇಲೆ ಹಿಡಿದುಕೊಂಡು ಹೋಗಬೇಕಾಗಿತ್ತು.

ಮಾರೋಣವೆಂದರೆ ಮಾವ ಪ್ರೀತಿಯಿಂದ ಕೊಟ್ಟದ್ದು. ಗುಜರಿಗೆ ಹಾಕೋಣವೆಂದರೆ ಆ ಮನುಷ್ಯ ಆಗಾಗ ಬರುತ್ತಾರೆ, ಬಂದವರು ಮಗಳನ್ನು ಮಾತಾಡಿಸುವ ಮೊದಲು ಗಾಡಿಯ ಮೈ ಸವರುತ್ತಾರೆ. ಶಿದ್ಲಿಂಗಪ್ಪನಿಗೆ ದೊಡ್ಡ ದೊಡ್ಡ ಆಸೆಗಳೇನೂ ಇರಲಿಲ್ಲ. ಅಂಗಡಿ ಮುಚ್ಚಿ ಬಂದ ಮೇಲೆ ತನ್ನ ಬಾಗಿಲ ಮುಂದೆ ಒಂದು ಕುರ್ಚಿ ಹಾಕಿಕೊಂಡು, ಕಾಲು ಚಾಚಿ, ಹೋಗಿ ಬರುವವರನ್ನು ನೋಡುತ್ತ ಚಹಾ ಕುಡಿಯಬೇಕು. ಓಣಿಯಲ್ಲಿ ಎಲ್ಲರೂ ಮಾಡುವ ಕೆಲಸ. ಇವನೊಬ್ಬನಿಗೇ ಅದಕ್ಕೆ ಜಾಗ ಇಲ್ಲ. ಅದನ್ನು ನೆನೆಸಿಕೊಂಡರೆ ಅವನಿಗೆ ನಿಜವಾಗಿಯೂ ಅಳು ಬರುತ್ತಿತ್ತು.

ಹೀಗಿರುವಾಗ ರವಿವಾರ ಮುಂಜಾನೆ ಹೆಂಡತಿ ಶಿವಗಂಗವ್ವ ಫೋನು ಹಿಡಿದುಕೊಂಡೇ ಅಡಿಗೆಮನೆಯಿಂದ ಓಡಿ ಬಂದಳು.

"ರೀ, ಕೇಳಿದ್ರೇನು? ಅಪ್ಪಾರು ಫೋನ್ ಮಾಡಿದ್ರು. ಗಾಡಿ ಒಯ್ಯಾಕ ಮಂದಿ ಸಿಕ್ಕಾರಂತ!"

ಶಿದ್ಲಿಂಗಪ್ಪ ಗಡ್ಡ ಹೆರೆದುಕೊಳ್ಳುತ್ತಿದ್ದ. "ಖರೇನ?"

"ಖರೇನ್ರಿ! ಹುಕ್ಕೇರಿ ಮಾಲಿಂಗಪ್ಪ ಸಾವಕಾರ್ರಂತ. ಅವರಿಗಿ ಹಳೇ ಗಾಡಿ ಅಂದ್ರ ಜೀವ ಅಂತ. ಅಪ್ಪಾರು ಈಗ ಹುಕ್ಕೇರಿಗಿ ಹೊಂಟಾರ. ಸಂಜೀಕ ಸಾವಕಾರ್ರನ್ನ ಕರಕೊಂಡು ಇಲ್ಲಿಗೇ ಬರ್ತಾರಂತ. ಛಲೋ ಮನಿ ಸೇರೂದಾದ್ರ ಕೊಡ್ತೇನಿ ಅಂದಾರ."

ಶಿದ್ಲಿಂಗಪ್ಪನ ಕಣ್ಣ ಮುಂದೆ ಕುರ್ಚಿ ಬಂತು, ಚಹಾ ಬಂತು, ಚಾಚಿದ ಕಾಲೂ ಬಂತು. ಅರ್ಧ ಗಡ್ಡದಲ್ಲೇ ಅವನು ನಕ್ಕ.

"ಆದ್ರ ಒಂದ ಮಾತ ಹೇಳ್ಯಾರ" ಎಂದಳು ಶಿವಗಂಗವ್ವ. "'ಸಾವಕಾರ್ರ ಮುಂದ ನನ್ನ ಮಾನದ ಪ್ರಶ್ನಿ. ನಾ ಹೆಂಗ ಕೊಟ್ಟಿದ್ನೋ ಹಂಗ ಇರಬೇಕು ಗಾಡಿ. ಒಂದ ಬೋಲ್ಟ್ ಕಡಿಮಿ ಇದ್ರೂ ಕೊಡಾಂಗಿಲ್ಲ, ಅಲ್ಲೇ ನಿಂದ್ರಲಿ' ಅಂತ."

ಇಬ್ಬರೂ ಒಮ್ಮೆಲೇ ಕಿಟಕಿಯಿಂದ ಹೊರಗೆ ನೋಡಿದರು. ಗಾಡಿ ಹಲ್ಲು ಕೀಳಿಸಿಕೊಂಡವರ ಹಾಗೆ ಬಾಯಿ ತೆರೆದು ನಿಂತಿತ್ತು.

"ಭೀಮೇಶಗ ಹ್ಞೂಂ ಅಂದಾವ್ರು ನೀವು."

"ನಾ ಎಲ್ಲಿ ಅಂದ್ನಿ? ಬಾಯಾಗ ರೊಟ್ಟಿ ಇತ್ತಲಾ!"

"ನುಂಗಿದ ಮ್ಯಾಲ ಬಾಯಿ ಎಲ್ಲಿ ಹೋಗಿತ್ತು? ಹೋಗ್ರಿ, ಹೊತ್ತ ಮುಣಗೂದ್ರಾಗ ಅದನ್ನ ತಂದು ಹಚ್ಚಸ್ರಿ. ಇಲ್ಲಂದ್ರ ಈ ಗಾಡಿ ಕೂಡ ನೀವೂ ಹೊರಗ!"

ಉಳಿದರ್ಧ ಗಡ್ಡ ಹೆರೆದುಕೊಳ್ಳುವುದೂ ಮರೆತು ಶಿದ್ಲಿಂಗಪ್ಪ ಹೊರಬಿದ್ದ. ಭೀಮೇಶನ ಅಂಗಡಿಗೆ ಬೀಗ. ಓಣಿಯಲ್ಲಿ ನರಪಿಳ್ಳೆ ಇಲ್ಲ. ಫೋನು ಮಾಡಿದರೆ ಆ ಕಡೆಯಿಂದ ಹಲಗೆಯ ಸಪ್ಪಳದ ನಡುವೆ ಭೀಮೇಶನ ದನಿ ಬಂತು. "ಕಾಕಾ, ಲಗೂನ ಫಾಲ್ಸ್ ಕಡೆ ಬರ್ರಿ! ಓಣಿ ಮಂದಿ ಎಲ್ಲಾ ಇಲ್ಲೇ ಅದಾರ. ಇವತ್ತ ಶರ್ಯತ್ತು!"

ಗೋಕಾಕ ಫಾಲ್ಸ್ ಕಡೆಯ ಗುಡ್ಡದ ಇಳಿಜಾರಿನಲ್ಲಿ ಅವತ್ತು ಇಂಜಿನ್ ಇಲ್ಲದ ಗಾಡಿಗಳ ಓಟದ ಶರ್ಯತ್ತು. ಎತ್ತಿನ ಶರ್ಯತ್ತು ಆಯಿತು, ಟ್ರ್ಯಾಕ್ಟರ್ ಹಿಂದಕ್ಕೆ ಓಡಿಸುವ ಶರ್ಯತ್ತೂ ಆಯಿತು, ಹೊಸದೇನಾದರೂ ಬೇಕಲ್ಲ ಎಂದು ಯುವಕ ಮಂಡಳಗಳೆಲ್ಲ ಕೂಡಿ ಹೂಡಿದ್ದು ಇದು. ಇಂಜಿನ್ ಇರಬಾರದು, ಯಾರೂ ದೂಡಬಾರದು, ಗುಡ್ಡ ಎಷ್ಟು ಎಳೆಯುತ್ತದೋ ಅಷ್ಟೇ. ಮತ್ತೆ ಗಾಡಿಯಲ್ಲಿ ನಿಜವಾದ ಕಾರಿನ ಒಂದು ಭಾಗವಾದರೂ ಇರಬೇಕು. ಅಂಕಲಗಿಯವರು ಕಾರಿನ ಡಿಕ್ಕಿಯ ಬಾಗಿಲಿಗೆ ಗಾಲಿ ಹಚ್ಚಿ ತಂದಿದ್ದರು. ಇನ್ನೊಂದು ತಂಡದವರು ಸೀಟು ಒಂದನ್ನೇ ತಂದು, ಅದಕ್ಕೆ ಗಾಲಿ ಹಚ್ಚಿ, ಅದರ ಮೇಲೆ ಟಾವೆಲ್ ಹಾಸಿದ್ದರು.

ಶಿದ್ಲಿಂಗಪ್ಪ ಸ್ಕೂಟರ್ ನಿಲ್ಲಿಸಿ ಮಂದಿಯನ್ನು ತಳ್ಳಿಕೊಂಡು ಹೋಗಿ ನೋಡಿದ. ಕಬ್ಬಿಣದ ಹಳೆಯ ಮಂಚದ ಕಾಲು ಕತ್ತರಿಸಿ, ನಾಲ್ಕು ಗಾಲಿ ಹಚ್ಚಿ, ಅದರ ಮೇಲೆ ಮಾವನ ಬಾನೆಟ್ಟನ್ನು ಅಂಗಾತ ಮಲಗಿಸಿದ್ದರು. ಭಾಂಡೆ ಅಂಗಡಿಯವನ ಕಣ್ಣಿಗೆ ಅದು ಮದುವೆ ಮನೆಯಲ್ಲಿ ಹಿಟ್ಟು ಕಲಸುವ ದೊಡ್ಡ ಪರಾತದ ಹಾಗೆ ಕಂಡಿತು. ಒಳಗೊಂದು ದಿಂಬು. ತಿರುಗಿಸಲು ಎರಡು ಹಗ್ಗ. ಬ್ರೇಕಿಗೆ ಬಲಗಡೆ ಒಂದು ಕಟ್ಟಿಗೆಯ ದಂಡ, ಅದರ ತುದಿಗೆ ಟೈರಿನ ತುಂಡು. ಗಾಡಿ ಉರುಳದಂತೆ ನಾಲ್ಕೂ ಗಾಲಿಗೆ ಕಲ್ಲು ಕೊಟ್ಟಿದ್ದರು.

"ಭೀಮೇಶಾ, ನಿನ್ನ ಕಾಲ ಬೀಳ್ತೇನಿ, ಬಾನಟ್ ಬಿಚ್ಚೋ! ಸಂಜೀಕ ನಮ್ಮ ಮಾವ ಬರಾಕತ್ತಾರ. ಗಾಡಿ ಒಯ್ಯಾವ್ರನ್ನ ಕರಕೊಂಡು ಬರಾಕತ್ತಾರ!"

ಭೀಮೇಶ ಗಾಬರಿಯಾಗಲಿಲ್ಲ. ಅವನು ಎಂದೂ ಗಾಬರಿಯಾದವನಲ್ಲ. ಗಾಬರಿಯನ್ನೆಲ್ಲ ಅವನು ಬೇರೆಯವರಿಗೇ ಹಂಚುತ್ತ ಬಂದಿದ್ದ.

"ಅಷ್ಟ ಹೌದಲ್ರಿ ಕಾಕಾ? ಶರ್ಯತ್ತ ಮುಗದ ಕೂಡ್ಲೆ ನಾನ ಬಿಚ್ಚಿ, ಮನಿಗಿ ತಂದು ಹಚ್ಚಿ ಕೊಡ್ತೇನಿ. ಒಂದ ತೂತ ಹೊಡದಿಲ್ಲ, ಒಂದ ಚುಕ್ಕಿ ವೆಲ್ಡಿಂಗ್ ಮಾಡಿಲ್ಲ. ನಾಕ ನಟ್ ಸಡ್ಲ ಮಾಡಿದ್ರ ಬಾನಟ್ ನಿಮ್ಮ ಕೈಯಾಗ."

"ಈಗ ಬಿಚ್ಚು!"

"ಈಗ ಹೆಂಗ್ರಿ? ಓಣಿ ಹೆಸರ ಬರಿಸೇವಿ. ಅಂಕಲಗಿ ಮಂದಿ ಅಲ್ಲಿ ನಿಂತ ನೋಡಾಕತ್ತಾರ. ಮುಂದ ನಾವು ಆ ಊರಾಗ ಹೆಣ್ಣ ತರೂದು ಬ್ಯಾಡೇನು?"

ಈ ಮಾತಿಗೆ ಓಣಿಯ ಮಂದಿಯೆಲ್ಲ ಹೌದ್ಹೌದು ಅಂದರು. ಮದುವೆಯಾಗಿ ಮೊಮ್ಮಕ್ಕಳನ್ನು ಕಂಡವರೂ ಅಂದರು. ಶಿದ್ಲಿಂಗಪ್ಪ ಸೋತ ದನಿಯಲ್ಲಿ, "ಹೋಗ್ಲಿ, ಗಾಡಿ ಹೊಡ್ಯಾವ ಯಾರು?" ಎಂದು ಕೇಳಿದ.

"ನಾನ್ರಿ ಕಾಕಾ" ಎಂದು ಹನಮಂತ ಮುಂದೆ ಬಂದ. ಇವನು ಪೇಟೆಯಲ್ಲಿ ಹಮಾಲಿ ಮಾಡುವ ಗಟ್ಟಿ ಆಳು. ಒಳ್ಳೆಯ ಮನುಷ್ಯ, ಆದರೆ ಬಾಗಿಲನ್ನು ಕೈಯಿಂದ ತೆರೆಯುವ ಅಭ್ಯಾಸ ಇಲ್ಲ. "ಚಿಂತಿ ಬಿಡ್ರಿ. ತಿರುವಿನ್ಯಾಗ ಅಂಕಲಗಿ ಗಾಡಿಗಿ ಬಾಜೂದಿಂದ ಎಂಥಾದು ಗುದ್ತೇನಿ ಅಂದ್ರ ಸೀದಾ ಗಟಾರಕ್ಕ! ನಮ್ಮ ಬಾನಟ್ ಹಪ್ಪಳ ಆದ್ರೂ ಅಡ್ಡಿಲ್ಲ, ಅವರ ಡಿಕ್ಕಿ ಉಳೀಬಾರ್ದು!"

ಶಿದ್ಲಿಂಗಪ್ಪನ ಕಣ್ಣಿಗೆ ಕತ್ತಲೆ ಬಂತು. ಹಪ್ಪಳವಾದ ಬಾನೆಟ್ಟು, ಅದನ್ನು ನೋಡುವ ಮಾವ, ಬಂದ ದಾರಿಗೇ ಹೋಗುವ ಸಾವಕಾರ, ಮತ್ತೆ ಬಾಗಿಲಿಗೆ ಅಡ್ಡ ಆ ಗಾಡಿ, ಸಾಯುವತನಕ ಓರೆಯಾಗಿ ನುಸುಳುವುದು. ಸತ್ತ ಮೇಲೆ ಹೆಣವನ್ನೂ ಓರೆ ಮಾಡಿಯೇ ಹೊರಗೆ ತರಬೇಕಾಗುತ್ತದೆ. ಇದನ್ನೆಲ್ಲ ಕಂಡ ಮೇಲೆ ಅವನ ಬಾಯಿಂದ ಅವನಿಗೇ ತಿಳಿಯದೆ ಮಾತು ಹೊರಬಿತ್ತು.

"ನಾ ಹೊಡೀತೇನಿ."

ಹಲಗೆ ಬಾರಿಸುವವನೂ ಕೈ ನಿಲ್ಲಿಸಿದ. ಸ್ಕೂಟರನ್ನು ಎರಡನೇ ಗೇರಿನಿಂದ ಮೂರಕ್ಕೆ ಹಾಕದ ಮನುಷ್ಯ ಎಂದು ಗೋಕಾಕದ ತುಂಬ ಅವನಿಗೆ ಹೆಸರಿತ್ತು. ಆದರೆ ಶಿದ್ಲಿಂಗಪ್ಪ ಒಳಗೊಳಗೇ ಲೆಕ್ಕ ಹಾಕಿದ್ದ. ತಾನೇ ಕುಳಿತರೆ ಮೇಲಿನಿಂದ ಕೆಳಗಿನತನಕ ಬ್ರೇಕು ಬಿಡುವುದಿಲ್ಲ. ಎಮ್ಮೆ ನಡೆದಂತೆ ಮೆಲ್ಲಗೆ ಇಳಿಸಿ, ಎಲ್ಲರಿಗಿಂತ ಹಿಂದೆ ಮುಟ್ಟಿ, ಬಾನೆಟ್ಟು ಬಿಚ್ಚಿಸಿಕೊಂಡು ಮನೆಗೆ ಹೋಗುವುದು. ಜನ ನಕ್ಕರೆ ನಗಲಿ. ನಗುವವರನ್ನು ಕುರ್ಚಿಯಲ್ಲಿ ಕುಳಿತು ನೋಡಬಹುದು.

ಮಂದಿಗೆ ಈ ಲೆಕ್ಕ ಏನು ಗೊತ್ತು? "ಭಾಂಡೆ ಕಾಕಾ ಗಾಡಿ ಹೊಡ್ಯಾಕತ್ತಾರ!" ಎಂದು ಕೂಗೆದ್ದಿತು. ಒಬ್ಬ ಅವನ ತಲೆಗೆ ಕೇಸರಿ ಪಟಗ ಸುತ್ತಿದ. ಇನ್ನೊಬ್ಬ ಶಾಲು ಹೊದಿಸಿದ. ಯಾರೋ ಮೈಕಿನಲ್ಲಿ, "ಓಣಿಯ ಮಾನಕ್ಕಾಗಿ ಜೀವದ ಹಂಗು ತೊರೆದ ಹಿರಿಯರು" ಎಂದು ಶುರು ಮಾಡಿದ. ಅರ್ಧ ಗಡ್ಡದ ಹಿರಿಯರನ್ನು ನಾಲ್ಕು ಮಂದಿ ಎತ್ತಿ ಬಾನೆಟ್ಟಿನೊಳಗೆ ಕೂರಿಸಿದರು. ಶಿದ್ಲಿಂಗಪ್ಪ ಎರಡೂ ಕೈಯಿಂದ ಬ್ರೇಕಿನ ದಂಡ ಹಿಡಿದುಕೊಂಡ. ಹಿಡಿದ ಮೇಲೆ ಸ್ವಲ್ಪ ಧೈರ್ಯ ಬಂತು.

ಆಗ ಸತ್ತೆವ್ವಾಯಿ ಬಂದಳು. ಎದುರು ಮನೆಯ ಈ ಮುದುಕಿ ಕೈಯಲ್ಲಿ ಆರತಿ ತಟ್ಟೆ, ಸೆರಗಿನಲ್ಲಿ ಲಿಂಬೆಹಣ್ಣು ಕಟ್ಟಿಕೊಂಡು ಟೆಂಪೋದಲ್ಲಿ ಗುಡ್ಡ ಹತ್ತಿ ಬಂದಿದ್ದಳು. ಓಣಿಯಲ್ಲಿ ಸೈಕಲ್ಲು ತಂದರೂ ಅವಳಿಂದ ಪೂಜೆಯಾಗದೆ ಗಾಲಿ ತಿರುಗುವಂತಿಲ್ಲ. ಬಾನೆಟ್ಟಿಗೆ ವಿಭೂತಿ ಬಳಿದಳು, ಕುಂಕುಮ ಹಚ್ಚಿದಳು, ತೆಂಗಿನಕಾಯಿ ಒಡೆಸಿದಳು. ಆಮೇಲೆ ಬಗ್ಗಿ ಗಾಲಿ ನೋಡಿದಳು.

"ಏ, ಗಾಲಿ ತಳಗ ಈ ಕಲ್ಲ ಯಾಕ ಇಟ್ಟೀರಿ? ಲಿಂಬಿಹಣ್ಣ ಎಲ್ಲಿಡ್ಲಿ? ತಗೀರಿ ಅದನ್ನ!"

"ಆಯಿ, ಕಲ್ಲ ತಗದ್ರ ಗಾಡಿ ಹೊಕ್ಕೈತಿ" ಎಂದ ಭೀಮೇಶ.

"ಹೋಗ್ಲಿ ಅಂತ ಅಲ್ಲೇನೋ ಪೂಜಿ ಮಾಡೂದು? ಲಿಂಬಿಹಣ್ಣ ಇಲ್ದ ಗಾಡಿ ಬಿಟ್ಟು ಏನರ ಹೆಚ್ಚುಕಡಿಮಿ ಆದ್ರ ನನ್ನ ಹೆಸರ ಬರ್ತೈತಿ. ತಗಿ!"

ಸತ್ತೆವ್ವಾಯಿಗೆ ಎದುರು ಹೇಳುವ ಗಂಡಸು ಆ ಓಣಿಯಲ್ಲಿ ಹುಟ್ಟಿರಲಿಲ್ಲ. ನಾಲ್ಕೂ ಕಲ್ಲು ತೆಗೆದರು. ಆ ಜಾಗದಲ್ಲಿ ನಾಲ್ಕು ಲಿಂಬೆಹಣ್ಣು ಬಂದವು. ಈಗ ಇಡೀ ಗಾಡಿ, ಅದರೊಳಗಿನ ಶಿದ್ಲಿಂಗಪ್ಪ, ಅವನ ಹೊಟ್ಟೆ, ಪಟಗ ಎಲ್ಲ ಆ ಒಂದು ಬ್ರೇಕಿನ ಮೇಲೆ ನಿಂತಿದ್ದವು. ಅವನು ಹಲ್ಲು ಕಚ್ಚಿ ದಂಡ ಎಳೆದು ಹಿಡಿದ. ಮುದುಕಿ ಮುಖದ ಮುಂದೆ ಆರತಿ ಎತ್ತಿದಳು.

"ಕೈ ಮುಗಿ ತಮ್ಮಾ."

"ಆಯೀ, ಬ್ರೇಕ ಹಿಡದೇನಿ..."

"ದೇವರಿಗಿಂತ ಬ್ರೇಕ ದೊಡ್ಡದಾತೇನ ನಿನಗ? ಕೈ ಮುಗಿ ಅಂದ್ನಿ!"

ಬುದ್ಧಿ ಬೇಡ ಅಂದಿತು. ಆದರೆ ಆರತಿ ಮುಖದ ಮುಂದೆ ಬಂದರೆ ಕೈ ಮುಗಿಯುವುದು ಅವನ ಕೈಗಳಿಗೆ ತೊಟ್ಟಿಲಲ್ಲೇ ಬಂದ ವಿದ್ಯೆ. ಅವು ಯಾರ ಮಾತನ್ನೂ ಕೇಳಲಿಲ್ಲ. ದಂಡ ಬಿಟ್ಟವು, ಎದೆಯ ಮುಂದೆ ಕೂಡಿಕೊಂಡವು. ಕಣ್ಣೂ ತಾವಾಗಿ ಮುಚ್ಚಿದವು. ಕೆಳಗೆ ನಾಲ್ಕು ಲಿಂಬೆಹಣ್ಣು ಪಚಕ್ಕೆಂದು ಒಡೆದ ಸಪ್ಪಳ ಕೇಳಿಸಿತು.

ಕಣ್ಣು ತೆರೆದಾಗ ಆರತಿ ತಟ್ಟೆ ದೂರದಲ್ಲಿತ್ತು.

"ನಿಂದರ್ಸ್ರೋ!" ಎಂದು ಅವನು ಕೂಗಿದ. ನಿಲ್ಲಿಸುವವರು ಯಾರು? ಶರ್ಯತ್ತು ಬಿಡಲು ಸೀಟಿ ಹಿಡಿದು ನಿಂತಿದ್ದ ಪಂಚನೊಬ್ಬ ಗಾಬರಿಯಲ್ಲಿ ಅದನ್ನು ಊದಿಬಿಟ್ಟ. ಸೀಟಿ ಕೇಳಿದ್ದೇ ಉಳಿದ ಗಾಡಿಗಳೂ ಹೊರಟವು. ಶಿದ್ಲಿಂಗಪ್ಪ ಬ್ರೇಕಿನ ದಂಡ ಹುಡುಕಿ ಜೋರಾಗಿ ಎಳೆದ. ದಂಡ ಮರುಮಾತಿಲ್ಲದೆ ಬಂತು, ಬುಡಸಮೇತ ಕೈಗೆ ಬಂತು. ಅದನ್ನು ಏನು ಮಾಡಬೇಕೆಂದು ತಿಳಿಯದೆ ತೊಡೆಯ ಮೇಲೆ ಇಟ್ಟುಕೊಂಡು ಹಗ್ಗ ಹಿಡಿದ.

ಗುಡ್ಡ ಎಳೆಯತೊಡಗಿತು. ಗಾಳಿಗೆ ಪಟಗ ಬಿಚ್ಚಿಕೊಂಡು ಬೆನ್ನ ಹಿಂದೆ ಬಾವುಟದ ಹಾಗೆ ಹಾರಿತು. ಅವನ ಬಾಯಲ್ಲಿ ಬಂದದ್ದು ಒಂದೇ ಶಬ್ದ. "ಬಾನಟ್! ಬಾನಟ್!" ರಸ್ತೆಯ ಎರಡೂ ಕಡೆ ನಿಂತ ಮಂದಿ ಇದು ಓಣಿಯವರ ಜೈಕಾರ ಎಂದುಕೊಂಡರು. ಅವರೂ "ಬಾನಟ್! ಬಾನಟ್!" ಎಂದು ಕೈ ಎತ್ತಿ ಕೂಗಿದರು. ಹೊಲದ ದಾರಿಯಿಂದ ಮೊಪೆಡ್ ಮೇಲೆ ರಸ್ತೆಗೆ ಬಂದಿದ್ದ ಗಂಡಹೆಂಡಿರನ್ನು ಅವನು ಸರ್ರನೆ ದಾಟಿ ಹೋದ. ಆ ಹೆಂಗಸು ಗಂಡನ ಬೆನ್ನಿಗೆ ತಿವಿದು, "ನೋಡ್ರಿ, ಅವರು ಎಣ್ಣಿ ಇಲ್ದ ಹೊಂಟಾರ. ನೀವು ಟಾಕಿ ತುಂಬಿಸಿ ಹಿಂದ ಉಳದೀರಿ" ಅಂದದ್ದು ಅವನ ಕಿವಿಗೂ ಬಿತ್ತು.

ತಿರುವಿನಲ್ಲಿ ಅಂಕಲಗಿಯ ಡಿಕ್ಕಿ ಬಾಗಿಲು ಬಾಜೂಕ್ಕೇ ಬಂತು. ಅದರ ಮೇಲೆ ಕುಳಿತವನು ಮೀಸೆ ಹೊತ್ತ ಗಟ್ಟಿ ಆ‌ಳು. ಈ ಕಡೆ ಒರಗಿಸಿ ಗುದ್ದುವ ವಿಚಾರ ಅವನ ಕಣ್ಣಲ್ಲೇ ಕಾಣುತ್ತಿತ್ತು. ಶಿದ್ಲಿಂಗಪ್ಪ ಹಗ್ಗ ಹಿಡಿದ ಕೈಯನ್ನೇ ಮುಗಿದ.

"ಮುಂದ ಹೋಗ್ರಿ ಅಣ್ಣಾರ! ನೀವ ಮುಂದ ಹೋಗ್ರಿ! ಮುಟ್ಟಬ್ಯಾಡ್ರಿ ಅಷ್ಟ! ನಿಮಗ ಪುಣ್ಯಾ ಬರ್ತೈತಿ!"

ಅಂಕಲಗಿಯವನು ಹುಬ್ಬು ಗಂಟಿಕ್ಕಿದ. ಶರ್ಯತ್ತಿನಲ್ಲಿ ಇಷ್ಟು ಮರ್ಯಾದೆಯಿಂದ ದಾರಿ ಬಿಡುವವನ ಹೊಟ್ಟೆಯಲ್ಲಿ ಏನೋ ಮಸಲತ್ತು ಇರಲೇಬೇಕು. ಮುಂದೆ ಎಲ್ಲೋ ತಗ್ಗು ತೋಡಿದ್ದಾರೆ ಎಂದು ಸಂಶಯ ಬಂದು ಅವನು ಬ್ರೇಕು ಹಾಕಿದ. ಅವನ ಬ್ರೇಕು ಒಳ್ಳೆಯ ಬ್ರೇಕು. ಗಾಡಿ ಸುತ್ತು ಹೊಡೆದು ಮರಳಿನ ಗುಂಪಿಯೊಳಗೆ ಮೂಗು ತೂರಿಸಿತು. ಸೀಟಿನವರು ಟಾವೆಲ್ ಗಾಲಿಗೆ ಸಿಕ್ಕು ಮೇಲೆಯೇ ನಿಂತಿದ್ದರು.

ಗುಡ್ಡದ ಬುಡದಲ್ಲಿ ಸುಣ್ಣದ ಗೆರೆ ಇತ್ತು. ಶಿದ್ಲಿಂಗಪ್ಪ ಅದನ್ನು ಎಲ್ಲರಿಗಿಂತ ಮೊದಲು ದಾಟಿದ. ದಾಟಿದ್ದು ಅವನಿಗೆ ಗೊತ್ತೇ ಆಗಲಿಲ್ಲ, ಏಕೆಂದರೆ ಮುಂದೆ ಕಂಡದ್ದು ಕಲ್ಲು ಹೇರಿದ ಟ್ರ್ಯಾಕ್ಟರಿನ ಹಿಂಭಾಗ. ಶರ್ಯತ್ತಿಗಾಗಿ ಸಂಚಾರ ತಡೆದಿದ್ದರಿಂದ ಕೆಳಗೆ ವಾಹನಗಳ ಸಾಲೇ ನಿಂತಿತ್ತು. ತಾನು ಸಾಯುತ್ತೇನೆ ಎಂದು ಅವನಿಗೆ ಅನ್ನಿಸಲಿಲ್ಲ. ಬಾನೆಟ್ಟು ಹೋಯಿತು ಅನ್ನಿಸಿತು. ಎರಡೂ ಕಾಲು ಹೊರಗೆ ಹಾಕಿ ನೆಲಕ್ಕೆ ಒತ್ತಿದ. ಚಪ್ಪಲಿಯ ಅಟ್ಟೆ ಸವೆಯಿತು, ಹರಿಯಿತು, ಹಾರಿಯೇ ಹೋಯಿತು. ಆಮೇಲೆ ಹಿಮ್ಮಡಿ. ಕೊನೆಗೆ ಜಿಗಿದು ಮುಂದೆ ಬಿದ್ದು, ಮೊಣಕಾಲೂರಿ, ಬರುತ್ತಿರುವ ಬಾನೆಟ್ಟನ್ನು ಎದೆಕೊಟ್ಟು ಹಿಡಿದ. ಟ್ರ್ಯಾಕ್ಟರಿಗೂ ಬಾನೆಟ್ಟಿಗೂ ನಡುವೆ ಉಳಿದದ್ದು ಶಿದ್ಲಿಂಗಪ್ಪನಷ್ಟೇ ಜಾಗ. ಅವನ ಮೊಣಕಾಲಿನ ತೊಗಲು ಹೋಗಿತ್ತು, ಧೋತರ ಹರಿದಿತ್ತು. ಬಾನೆಟ್ಟಿನ ಬಣ್ಣ ಮಾತ್ರ ಎಲ್ಲೂ ಹೋಗಿರಲಿಲ್ಲ. ಅದನ್ನು ಸುತ್ತಲೂ ಸವರಿ ನೋಡಿ ಅವನು ಸಂತೋಷದಿಂದ ಅತ್ತ.

ಮೊದಲ ಬಹುಮಾನ ಒಂದು ತಾಮ್ರದ ಹಂಡೆ. ಅದು ಅವನ ಅಂಗಡಿಯದೇ. ಮಂಡಳದವರು ಬಹಳ ಚೌಕಾಸಿ ಮಾಡಿ ಒಯ್ದಿದ್ದರು. ಹಂಡೆ, ಶಾಲು, ಮೈಕಿನ ಮಾತು ಎಲ್ಲ ಮುಗಿದ ಮೇಲೆ ಪೇಟೆಯಲ್ಲೆಲ್ಲ ಮೆರವಣಿಗೆ ಮಾಡಬೇಕೆಂದು ಹನಮಂತ ಹಟ ಹಿಡಿದ. "ಹೊತ್ತ ಇಳ್ಯಾಕತ್ತೈತೋ! ಮಾವ ಬರ್ತಾರೋ!" ಎಂದು ಶಿದ್ಲಿಂಗಪ್ಪ ಕೈ ಕೈ ಮುಗಿದ. ಭೀಮೇಶ ಆಡಿದ ಮಾತಿನಂತೆ ನಡೆದ. ಗಾಡಿಯನ್ನು ಟೆಂಪೋಕ್ಕೆ ಏರಿಸಿ, ದಾರಿಯಲ್ಲೇ ನಟ್ಟು ಸಡಿಲಿಸಿ, ಓಣಿಗೆ ಬರುವಷ್ಟರಲ್ಲಿ ಬಾನೆಟ್ಟನ್ನು ಬೇರೆ ಮಾಡಿದ. ಶಿವಗಂಗವ್ವ ಬಕೆಟ್ಟು ಹಿಡಿದು ಕಾಯುತ್ತಿದ್ದಳು. ಗಂಡನ ಮೊಣಕಾಲು ನೋಡಿ, "ಅಯ್ಯ ನನ್ನ ಶಿವನ!" ಎಂದವಳು ಮೊದಲು ತೊಳೆದದ್ದು ಬಾನೆಟ್ಟಿನ ಕುಂಕುಮವನ್ನು.

ಬಾನೆಟ್ಟು ಎತ್ತಿ ಕೂರಿಸಲು ಹೋದರೆ ಇಂಜಿನ್ನಿನ ಬಾಜೂದಲ್ಲಿ ಸತ್ತೆವ್ವಾಯಿಯ ಕೋಳಿ ಕಾವಿಗೆ ಕುಳಿತಿತ್ತು. ಬಾನೆಟ್ಟಿಲ್ಲದ ವಾರದಲ್ಲಿ ಅದು ಅಲ್ಲಿ ಸಂಸಾರ ಹೂಡಿತ್ತು.

"ಕಾವಿನ ಕೋಳಿ ಎಬ್ಬಿಸಿದ್ರ ಪಾಪ ಹತ್ತೈತಿ, ನಾ ಮುಟ್ಟಗೊಡಾಂಗಿಲ್ಲ" ಎಂದು ಸತ್ತೆವ್ವಾಯಿ ಅಡ್ಡ ನಿಂತಳು. ಅಷ್ಟರಲ್ಲಿ ಓಣಿಯ ತುದಿಯಲ್ಲಿ ಬಿಳಿ ಕಾರೊಂದು ತಿರುಗಿತು. ವಾದಕ್ಕೆ ವೇಳೆ ಇರಲಿಲ್ಲ. ಭೀಮೇಶ ಕೋಳಿಯ ಮೇಲೆಯೇ ಬಾನೆಟ್ಟು ಮುಚ್ಚಿ ಎರಡು ಬೋಲ್ಟು ಬಿಗಿದ.

ಕಾರಿನಿಂದ ಸೋಮಪ್ಪನವರು ಇಳಿದರು. ಅವರ ಹಿಂದೆ ಬಿಳಿ ಅಂಗಿಯ, ಚಿನ್ನದ ಉಂಗುರದ ಮಾಲಿಂಗಪ್ಪ ಸಾವಕಾರರು. ಮಾವ ಎಂದಿನಂತೆ ಮಗಳನ್ನು ಬಿಟ್ಟು ಸೀದಾ ಗಾಡಿಯ ಹತ್ತಿರ ಬಂದು ಬಾನೆಟ್ಟಿನ ಮೇಲೆ ಕೈ ಇಟ್ಟರು. ಒಳಗಿನಿಂದ "ಕೊಟರ್ ಕೊಟರ್ ಕೊಟರ್" ಎಂದಿತು.

"ಸಾವಕಾರ್ರ!" ಮಾವನ ಕಣ್ಣು ಅರಳಿದವು. "ಕೇಳಿದ್ರೇನು? ಇಂಜಿನ್ ಇನ್ನೂ ಜೀವಂತ ಐತಿ!"

ಸಾವಕಾರರು ಹೊಟ್ಟೆ ಹಿಡಿದುಕೊಂಡು ನಕ್ಕರು. "ಸಾಕ ಬಿಡ್ರಿ ಸೋಮಪ್ಪನವರ. ಅಳಿಯಂದ್ರ ಮಾರಿ ನೋಡ್ರಿ, ಪಾಪ. ಅವರಿಗಿ ಹೇಳಿಬಿಡೂಣು. ನಾವು ಗುಡ್ಡದ ಬುಡಕ್ಕ ಗಾಡಿ ಸಾಲಿನ್ಯಾಗ ಸಿಕ್ಕೊಂಡಿದ್ವಿ. ಎಲ್ಲಾ ನೋಡೇವಿ."

ಶಿದ್ಲಿಂಗಪ್ಪ ಬಾನೆಟ್ಟಿಗೆ ಅಡ್ಡ ಬಂದು ನಿಂತ. ಎಲ್ಲ ಮುಗಿಯಿತು, ಮಾವ ಈಗ ಸಿಡಿಯುತ್ತಾರೆ, ಗಾಡಿ ಇಲ್ಲಿಯೇ ಉಳಿಯುತ್ತದೆ. ಆದರೆ ಮಾವ ಹತ್ತಿರ ಬಂದು ಅವನ ಎರಡೂ ಕೈ ಹಿಡಿದುಕೊಂಡರು.

"ಅಳಿಯಂದ್ರ, ನನ್ನ ಗಾಡಿ ಮತ್ತ ರಸ್ತೆ ಮ್ಯಾಲ ಓಡೂದು ನೋಡಿದ್ನೆಪಾ. ಈ ಜನ್ಮಕ್ಕ ಅದು ಸಿಗ್ತೈತಿ ಅಂದ್ಕೊಂಡಿರಲಿಲ್ಲ. ಅದೂ ಎಲ್ಲಾರ್ಕಿಂತ ಮುಂದ!"

ಶಿದ್ಲಿಂಗಪ್ಪನ ಜೀವ ಮರಳಿ ಬಂತು. ಸಿಟ್ಟಿಲ್ಲ! ಅಂದರೆ ಗಾಡಿ ಹೋಗುತ್ತದೆ! ಅವನು ಕುಂಟುತ್ತ ಓಡಿ ಒಳಗಿನಿಂದ ಕೀಲಿಕೈ ತಂದು ಸಾವಕಾರರ ಮುಂದೆ ಹಿಡಿದ. "ತಗೋರಿ ಸಾವಕಾರ್ರ. ಈಗ ಒಯ್ರಿ. ಎಳ್ಯಾಕ ಟೆಂಪೋ ಇಲ್ಲೇ ನಿಂತೈತಿ."

ಸಾವಕಾರರು ಕೀಲಿಕೈ ಮುಟ್ಟಲಿಲ್ಲ. ಸ್ವಲ್ಪ ನಾಚಿಕೊಂಡವರಂತೆ ಉಂಗುರ ತಿರುವಿದರು.

"ಖರೆ ಹೇಳ್ತೇನಿ ಕೇಳ್ರಿ. ನಮ್ಮ ಮನ್ಯಾಗೂ ಇಂಥಾದ ಗಾಡಿ ಐತಿ, ಎಲ್ಲಾ ಛಲೋ ಐತಿ, ಬಾನಟ್ ಒಂದು ತುಕ್ಕ ಹಿಡದು ಹೋಗೇತಿ. ನನಗ ಬೇಕಾಗಿದ್ದು ಬಾನಟ್ ಅಷ್ಟ. ಆದ್ರ ಹಿರೇರಿಗಿ ಹೋಗಿ, ನಿಮ್ಮ ಗಾಡಿ ಬಿಚ್ಚಿ ಬಾನಟ್ ಕೊಡ್ರಿ ಅಂತ ಹೆಂಗ ಕೇಳೂದು? ಮರ್ಯಾದಿ ಅಲ್ಲ. ಅದಕ್ಕ ಇಡೀ ಗಾಡಿ ಕೇಳಿದ್ದೆ. ಇವತ್ತ ನೋಡಿದ್ರ, ದೇವರ ಕೊಟ್ಟಂಗ, ನೀವ ಬಿಚ್ಚೀರಿ!"

"ಬಿಚ್ಚಿದ್ದು ಬಿಚ್ಚೇ ಆಗೇತಿ, ಇನ್ನೇನ ಮರ್ಯಾದಿ" ಎಂದರು ಮಾವ. "ಬಾನಟ್ ಒಯ್ರಿ ಅಂತ ದಾರ್‍ಯಾಗ ಹೇಳಿಬಿಟ್ನಿ ಅಳಿಯಂದ್ರ."

"ಎಂಥಾ ಗಟ್ಟಿ ತಗಡು!" ಸಾವಕಾರರು ಬಾನೆಟ್ಟನ್ನು ಬಾರಿಸಿ ನೋಡಿದರು. ಒಳಗೆ ಕೋಳಿ ಬೈಯಿತು. "ಅಷ್ಟು ದೂರ ಓಡಿ ಬಂದೈತಿ, ಒಂದ ಗೀರ ಬಿದ್ದಿಲ್ಲ. ನೀವು ಎದಿ ಕೊಟ್ಟು ಹಿಡದ್ರಲ್ಲಾ, ಅವಾಗ ನಾ ಗಟ್ಟಿ ಮಾಡಿದ್ನಿ. ಒಯ್ದ್ರ ಇದನ್ನ ಒಯ್ಬೇಕು ಅಂತ."

"ಇಡೀ ಗಾಡಿ ಒಯ್ರಿ!" ಶಿದ್ಲಿಂಗಪ್ಪನ ದನಿ ಒಡೆಯಿತು. "ಹಂಗ ಒಯ್ರಿ, ಈ ಹಂಡೇನೂ ಒಯ್ರಿ!"

"ಛೇ ಛೇ!" ಸಾವಕಾರರು ಕಿವಿ ಮುಟ್ಟಿಕೊಂಡರು. "ಮಾವ ಕೊಟ್ಟ ಗಾಡೀ ಸಲುವಾಗಿ ಮೊಣಕಾಲ ಹರಕೊಂಡ ಮನಿಶ್ಯಾ ನೀವು. ಅದನ್ನ ನಿಮ್ಮ ಕೈಯಿಂದ ಕಸಗೊಂಡು ಹೋದ್ರ ನಾ ಯಾ ನರಕಕ್ಕ ಹೋಗ್ಲಿ?"

"ಅದ ಮಾತ" ಎಂದರು ಮಾವ, ಕಣ್ಣೊರೆಸಿಕೊಳ್ಳುತ್ತ. "ಅಳಿಯಂದ್ರಿಗಿ ಈ ಗಾಡಿ ಮ್ಯಾಲ ಇಷ್ಟು ಜೀವ ಐತಿ ಅಂತ ನನಗ ಗೊತ್ತಿರಲಿಲ್ಲ. ಇನ್ನ ಯಾರ ಕೇಳಿದ್ರೂ ಕೊಡಾಂಗಿಲ್ಲ. ನಾ ಸತ್ತ ಮ್ಯಾಲೂ ಇದು ಇಲ್ಲೇ ಇರಬೇಕು."

ಭೀಮೇಶ ಬಾನೆಟ್ಟು ಬಿಚ್ಚಿದ. ಬಿಚ್ಚುವುದು ಅವನಿಗೆ ಈಗ ರೂಢಿಯಾಗಿತ್ತು. ಸಾವಕಾರರು ಅದನ್ನು ಟೆಂಪೋದಲ್ಲಿ ಹಾಸಿಗೆ ಹಾಸಿ ಮಲಗಿಸಿಕೊಂಡು ಹುಕ್ಕೇರಿಗೆ ಹೊರಟುಹೋದರು. ಕೋಳಿ ರೆಕ್ಕೆ ಕೊಡವಿ ಮತ್ತೆ ಮೊಟ್ಟೆಗಳ ಮೇಲೆ ಕುಳಿತಿತು. ಶಿದ್ಲಿಂಗಪ್ಪ ಕೀಲಿಕೈ ಹಿಡಿದುಕೊಂಡು ನಿಂತೇ ಇದ್ದ. ಮಾವ ತೆರೆದ ಇಂಜಿನ್ನನ್ನು ನೋಡಿದರು, ಆಮೇಲೆ ಆಕಾಶವನ್ನು ನೋಡಿದರು.

"ಬಾನಟ್ ಇಲ್ದ ಮಳಿ ನೀರ ಒಳಗ ಹೊಕ್ಕೈತಿ. ಇದಕ್ಕೊಂದು ತಗಡಿನ ಪತ್ರಾಸ್ ಶೆಡ್ಡ ಬೇಕ. ಏ ಭೀಮೇಶಾ, ನಾಳೆ ಶುರು ಮಾಡಿಬಿಡು. ಕಂಬ ಸಿಮೆಂಟಿನಾವ ಇರಲಿ, ಮೊಮ್ಮಕ್ಕಳ ಕಾಲಕ್ಕೂ ಅಳಗಾಡಬಾರ್ದು."

ಭೀಮೇಶ ಕೂಡಲೇ ಬಳಪದ ಕಲ್ಲು ತಂದು, ಗಾಡಿಯ ಸುತ್ತ ಅಳೆದು, ನಾಲ್ಕು ಮೂಲೆಗೂ ಗುರುತು ಹಾಕಿದ. ನಾಲ್ಕನೆಯ ಗುರುತು ಗಾಡಿಗೂ ಗೋಡೆಗೂ ನಡುವೆ, ಮನೆಯವರು ಓರೆಯಾಗಿ ನುಸುಳುವ ಸಂದಿಯಲ್ಲಿ ಬಿತ್ತು.

"ಇಲ್ಲಿ ಕಂಬ ಬಂದ್ರ ಇವರು ಒಳಗ ಹೆಂಗ ಹೋಗೂದು?" ಎಂದು ಸತ್ತೆವ್ವಾಯಿ ಕೇಳಿದಳು.

"ಹಿತ್ತಲ ಬಾಗಲಾ ಐತೆಲ್ಲಾ" ಎಂದರು ಮಾವ.